ಇನ್ನೂರ ಹತ್ತು ಹೆಬ್ಬೆಟ್ಟು

ಗಡಿಯಾರದಣ್ಣನ ಫೋನಿಗೆ ಒಂದು ಕೆಟ್ಟ ಚಾಳಿ ಇತ್ತು. ಪರದೆ ಕಪ್ಪಾಗಿ ಲಾಕ್ ಆಯಿತೋ, ವೈಫೈಯನ್ನೂ ಬಿಟ್ಟುಬಿಡುತ್ತಿತ್ತು. ಎಬ್ಬಿಸಿದರೆ ಮತ್ತೆ ಹಿಡಿಯುತ್ತಿತ್ತು, ಮಲಗಿದರೆ ಮತ್ತೆ ಬಿಡುತ್ತಿತ್ತು. ಹೆಂಡತಿ ಬೆಳಿಗ್ಗೆ ಹತ್ತಕ್ಕೆ ‘ಬರುವಾಗ ಸೋಪು ತನ್ನಿ’ ಎಂದು ಕಳಿಸಿದ್ದು ಅವನಿಗೆ ತಲುಪುತ್ತಿದ್ದದ್ದು ಸಂಜೆ ಏಳಕ್ಕೆ. ಮೆಟ್ಟಿಲಿಗೆ ಟಾರ್ಚ್ ಹಾಕೋಣವೆಂದು ಫೋನು ತೆಗೆದಾಗ ಒಟ್ಟಿಗೇ ಬಂದು ಬೀಳುತ್ತಿದ್ದವು: ‘ಸೋಪು ನೆನಪಿದೆಯಾ’, ‘ಓದಿದ್ರಾ ಇಲ್ವಾ’, ಕೊನೆಗೆ ‘ಬದುಕಿದ್ದೀರಾ’.

ಅವನ ಗಡಿಯಾರ ರಿಪೇರಿಯ ಅಂಗಡಿ ಇದ್ದದ್ದು ಕನ್ನಡಕದ ಅಂಗಡಿಯ ಕೆಳಗೆ, ಹದಿನಾಲ್ಕು ಮೆಟ್ಟಿಲು ಇಳಿದರೆ ಸಿಗುವ ನೆಲಮಾಳಿಗೆಯಲ್ಲಿ. ಮೊಬೈಲ್ ಸಿಗ್ನಲ್ ಮೂರನೇ ಮೆಟ್ಟಿಲಿನಿಂದ ಕೆಳಕ್ಕೆ ಇಳಿಯುತ್ತಲೇ ಇರಲಿಲ್ಲ. ಹಾಗಾಗಿ ಕರೆಯೇ ಇರಲಿ, ಮೆಸೇಜೇ ಇರಲಿ, ಎಲ್ಲ ಬರಬೇಕಾದದ್ದು ಮೇಲಿನ ಕನ್ನಡಕದ ಮೇಡಂ ಅವರ ವೈಫೈ ಮೂಲಕ. ಒಂದು ಸಲ ಅವರ ಗೋಡೆ ಗಡಿಯಾರವನ್ನು ಪುಕ್ಕಟೆ ರಿಪೇರಿ ಮಾಡಿಕೊಟ್ಟಿದ್ದಕ್ಕೆ ಪಾಸ್‌ವರ್ಡ್ ಸಿಕ್ಕಿತ್ತು.

ಮೇಡಂ ಪಾಪ ಹೇಳಿಯೂ ಹೇಳಿದ್ದರು. “ಅದಕ್ಕೆ ಸೆಟ್ಟಿಂಗ್ ಏನೋ ಇರುತ್ತೆ, ಕೊಡಿ ನೋಡ್ತೀನಿ.”

ಗಡಿಯಾರದಣ್ಣ ಫೋನನ್ನು ಜೇಬಿನೊಳಕ್ಕೆ ಇನ್ನಷ್ಟು ಆಳಕ್ಕೆ ತುರುಕಿಕೊಂಡಿದ್ದ. “ಮೂವತ್ತೈದು ವರ್ಷದಿಂದ ಯಂತ್ರಗಳ ಜೊತೆ ಬಾಳ್ವೆ ಮಾಡ್ತಿದ್ದೀನಿ ಮೇಡಂ. ನಂದು ನಾನೇ ಸರಿ ಮಾಡ್ಕೋತೀನಿ.”

ಎಂಥಾ ಮಾತು ನೋಡಿ! ಈ ‘ನಾನೇ ಸರಿ ಮಾಡ್ಕೋತೀನಿ’ ಅನ್ನುವ ರೋಗವೇ ಅವನ ಬಾಳಿನ ಅರ್ಧ ಕಷ್ಟಕ್ಕೆ ಕಾರಣ. ನಾಲ್ಕು ವರ್ಷದಿಂದ ಸ್ವಂತ ಅಕ್ಕ ಅವನ ಜೊತೆ ಮಾತು ಬಿಟ್ಟಿದ್ದಕ್ಕೂ ಇದೇ ಕಾರಣ.

ಅವರ ಅಮ್ಮನ ಮನೆಯಲ್ಲಿ ಒಂದು ಲೋಲಕದ ಗಡಿಯಾರ ಇತ್ತು. ಮಕ್ಕಳಿಬ್ಬರೂ ಶಾಲೆಗೆ ತಡ ಮಾಡಬಾರದೆಂದು ಅಮ್ಮ ಅದನ್ನು ಏಳು ನಿಮಿಷ ಮುಂದೆ ಇಟ್ಟಿದ್ದಳು. ಮಕ್ಕಳು ಶಾಲೆ ಮುಗಿಸಿದರು, ಮದುವೆಯಾದರು, ತಲೆ ನರೆಯಿತು. ಏಳು ನಿಮಿಷ ಮಾತ್ರ ಹಾಗೇ ಇತ್ತು. ಅಮ್ಮ ಹೋದ ಮೇಲೆ ಗಡಿಯಾರ ತಮ್ಮನ ಪಾಲಿಗೆ ಬಂತು. ಇವನು ಸುಮ್ಮನಿರಬೇಕಲ್ಲ? ಬಿಚ್ಚಿದ, ತೊಳೆದ, ಎಣ್ಣೆ ಬಿಟ್ಟ, ಸರಿಯಾದ ಟೈಮಿಗೆ ಕೂರಿಸಿದ. ಅಕ್ಕ ಬಂದಾಗ ಎದೆಯುಬ್ಬಿಸಿ ತೋರಿಸಿದ. “ನೋಡಕ್ಕಾ, ಈಗ ಒಂದು ಸೆಕೆಂಡ್ ಹೆಚ್ಚಿಲ್ಲ, ಒಂದು ಸೆಕೆಂಡ್ ಕಮ್ಮಿ ಇಲ್ಲ.”

ಅಕ್ಕ ಗಡಿಯಾರ ನೋಡಿದಳು, ತನ್ನ ಕೈಯ ವಾಚು ನೋಡಿಕೊಂಡಳು, ಮುಖ ಕೆಂಪೇರಿತು. “ಅಮ್ಮ ಇಟ್ಟಿದ್ದ ಏಳು ನಿಮಿಷ ತೆಗೆಯೋಕೆ ನೀನ್ಯಾರೋ?”

“ತಪ್ಪು ಟೈಮು ತಪ್ಪೇ ಅಲ್ವಾ ಅಕ್ಕಾ?” ಅಂದ ಈ ಮಹಾನುಭಾವ.

ಅವಳು ಚೀಲ ಎತ್ತಿಕೊಂಡು ಹೊರಟವಳು ತಿರುಗಿ ನೋಡಲಿಲ್ಲ. ಇವನು ಫೋನ್ ಮಾಡಿದರೆ ಎತ್ತಲಿಲ್ಲ. ಇವನೂ ಮೊದಲು ‘ನನ್ನದೇನು ತಪ್ಪು’ ಎಂದು ಬಿಗಿದುಕೊಂಡಿದ್ದ. ಆದರೆ ಹೋದ ತಿಂಗಳು ಏನು ತೋಚಿತೋ, ಅಂಗಡಿಯ ಗೋಡೆಗೆ ಹಾಕಿದ್ದ ಆ ಗಡಿಯಾರದ ಮುಳ್ಳನ್ನು ಏಳು ನಿಮಿಷ ಮುಂದಕ್ಕೆ ತಳ್ಳಿದ. ಮರುದಿನ ಎಂಟೂ ಐವತ್ಮೂರಕ್ಕೇ ಅದು ಒಂಬತ್ತು ಹೊಡೆಯಿತು. ಸದ್ದು ಕಿವಿಗೆ ಬಿದ್ದದ್ದೇ ಐವತ್ತೆಂಟು ವರ್ಷದ ಆಸಾಮಿ ಸ್ಟೂಲಿನಿಂದ ಎದ್ದು ನಿಂತು, ಹೆಗಲಿಗೆ ಶಾಲೆಯ ಚೀಲ ಹುಡುಕಿದ. ಆಮೇಲೆ ಕೂತು ಚೆನ್ನಾಗಿ ಅತ್ತ.

ಅತ್ತು ಮುಗಿದ ಮೇಲೆ ಅಕ್ಕನಿಗೆ ಬರೆದ: ‘ತಪ್ಪಾಯ್ತು ಅಕ್ಕಾ. ಅಮ್ಮನ ಏಳು ನಿಮಿಷ ವಾಪಸ್ ಇಟ್ಟಿದ್ದೀನಿ.’

ಉತ್ತರ ಬರಲಿಲ್ಲ. ನಿನ್ನೆ ಸಂಜೆ ಮೆಟ್ಟಿಲು ಹತ್ತುವಾಗ ಮಾತ್ರ ಭಾವನ ಮೆಸೇಜು ಬಂದು ಬಿತ್ತು. ‘ಮೊನ್ನೆ ನಿಮ್ಮಕ್ಕ ಫೋನ್ ಮಾಡಿದ್ಲು. ನೀನು ಎತ್ತಲಿಲ್ಲ. ಬೇಕು ಬೇಕಂತಲೇ ಎತ್ತಲಿಲ್ಲ ಅಂತ ಉರೀತಿದ್ದಾಳೆ. ಕೈಕಾಲು ಹಿಡಿದು ಒಪ್ಪಿಸಿದ್ದೀನಿ. ನಾಳೆ ಹತ್ತರಿಂದ ಹನ್ನೆರಡರೊಳಗೆ ಒಂದೇ ಒಂದು ಸಲ ಮಾಡ್ತಾಳಂತೆ. ಎತ್ತದಿದ್ರೆ ಇನ್ಮೇಲೆ ಅವನ ಹೆಸರು ಈ ಮನೇಲಿ ತೆಗೀಬೇಡಿ ಅಂದಿದ್ದಾಳೆ. ನಾನು ಹೇಳಿದೆ ಅಂತ ಹೇಳ್ಬೇಡ ಮಾರಾಯ.’

ಗಡಿಯಾರದಣ್ಣ ಮೆಟ್ಟಿಲ ಮೇಲೇ ನಿಂತು ಅದನ್ನು ಎರಡು ಸಲ ಓದಿದ. ಅಕ್ಕ ಮೊನ್ನೆ ಫೋನ್ ಮಾಡಿದ್ದಾಗ ಈ ದರಿದ್ರ ಫೋನು ಮೇಜಿನ ಮೇಲೆ ಕಪ್ಪಗೆ ಮಲಗಿತ್ತು, ಇವನು ಅದರ ಪಕ್ಕದಲ್ಲೇ ಶಿಳ್ಳೆ ಹಾಕುತ್ತ ಕೂತಿದ್ದ!

“ಯಾರಿಗಾದ್ರೂ ತೋರಿಸ್ರೀ ಅದನ್ನ,” ಅಂದಳು ಹೆಂಡತಿ ಬೆಳಿಗ್ಗೆ, ಊಟದ ಡಬ್ಬಿ ಮುಚ್ಚುತ್ತ. “ಮೇಲ್ಗಡೆ ಮೇಡಂಗೆ ಕೇಳಿದ್ರೆ ನಿಮ್ಮ ಗಂಟೇನು ಹೋಗುತ್ತೆ?”

“ಯಾರ ಹತ್ರಾನೂ ಕೈ ಚಾಚೋ ಅಗತ್ಯ ಇಲ್ಲ. ಮಲಗೋ ಯಂತ್ರಾನ ಎಚ್ಚರವಾಗಿಡೋದು ಹೇಗೆ ಅಂತ ನನಗೆ ಗೊತ್ತು.”

“ನಿಮ್ಮಕ್ಕ ನಿಮ್ಮನ್ನ ಬಿಟ್ಟಿದ್ದು ಸುಮ್ನೆ ಅಲ್ಲ. ಕ್ಯಾರೆಟ್ ಇಟ್ಟಿದ್ದೀನಿ, ಇವತ್ತಾದ್ರೂ ತಿನ್ನಿ. ದಿನಾ ವಾಪಸ್ ತರ್ತೀರಿ.”

ಮೇಲೆ ಹೋಗಿ ಕೂರೋಣವೆಂದರೆ ಕೈತುಂಬ ಕೆಲಸ. ಶಾಲೆಯ ಪರೀಕ್ಷೆ ಹಾಲಿನ ದೊಡ್ಡ ಗಡಿಯಾರವನ್ನು ಸಂಜೆಯೊಳಗೆ ಕೊಡಬೇಕಿತ್ತು. ಬೆರಳಿನಿಂದ ಫೋನು ತಟ್ಟುತ್ತಿರೋಣವೆಂದರೆ ಅದು ಅರ್ಧ ನಿಮಿಷಕ್ಕೊಮ್ಮೆ ಮಲಗುತ್ತದೆ. ಎರಡೂ ಕೈ ಬೇಡುವ ಕೆಲಸದಲ್ಲಿ ಮೂರನೇ ಕೈ ಎಲ್ಲಿಂದ ತರುವುದು? ಹಾಗಾಗಿ ಗಡಿಯಾರದಣ್ಣ ಮೂರನೇ ಕೈಯನ್ನೇ ತಯಾರಿಸಲು ಕೂತ.

ಹಳೆಯ ಗಂಟೆ ಗಡಿಯಾರವೊಂದರ ಯಂತ್ರ ತೆಗೆದ. ಅದರ ಸುತ್ತಿಗೆ ಇಪ್ಪತ್ತು ಸೆಕೆಂಡಿಗೊಮ್ಮೆ ಬೀಳುವಂತೆ ಚಕ್ರ ಹೊಂದಿಸಿದ. ಕೆಳಗೆ ಫೋನು ಇಟ್ಟ. ಸುತ್ತಿಗೆ ಅಂದವಾಗಿ ಬಿತ್ತು, ಫೋನು ಅದಕ್ಕಿಂತ ಅಂದವಾಗಿ ನಿದ್ದೆ ಹೋಯಿತು. ತುದಿಗೆ ಮರ ಕಟ್ಟಿದ, ರಬ್ಬರ್ ಕಟ್ಟಿದ, ಚರ್ಮ ಕಟ್ಟಿದ. ಊಹೂಂ, ಅದಕ್ಕೆ ಜೀವವಿರುವ ಬೆರಳೇ ಬೇಕು! ಬೇಸರವಾಗಿ ಊಟದ ಡಬ್ಬಿ ತೆರೆದ. ಅಲ್ಲಿ ಸಾಲಾಗಿ ಬೆರಳಿನ ಹಾಗೇ ಮಲಗಿದ್ದವು, ಹೆಂಡತಿ ಉದ್ದುದ್ದಕ್ಕೆ ಕತ್ತರಿಸಿದ ಕ್ಯಾರೆಟ್.

ಒಂದನ್ನು ಸುತ್ತಿಗೆಗೆ ದಾರದಿಂದ ಬಿಗಿದ. ಬಿತ್ತು, ತಟ್ಟಿತು, ಫೋನು ಕಣ್ಣು ಬಿಟ್ಟುಕೊಂಡೇ ಇತ್ತು! ಗಡಿಯಾರದಣ್ಣ ಒಬ್ಬನೇ ಚಪ್ಪಾಳೆ ತಟ್ಟಿಕೊಂಡ.

ಮೊದಲು ಕ್ಯಾರೆಟ್ ಕ್ಯಾಲ್ಕ್ಯುಲೇಟರ್ ತೆರೆಯಿತು. ಜಾಗ ಬದಲಿಸಿದರೆ ಕ್ಯಾಮೆರಾ ತೆರೆದು ಇವನ ಮೂಗಿನ ಹೊಳ್ಳೆಗಳ ಫೋಟೋ ತೆಗೆಯಿತು. ಕೊನೆಗೆ ಅಕ್ಕನ ಮೆಸೇಜಿನ ಪುಟವನ್ನೇ ತೆರೆದು, ಕೆಳಗಿನ ಮೂಲೆಗೆ ಕ್ಯಾರೆಟ್ ಬೀಳುವಂತೆ ಇಟ್ಟ. ಆ ಮೂಲೆಯಲ್ಲಿ ಪುಟ್ಟದೊಂದು ಹೆಬ್ಬೆಟ್ಟಿನ ಚಿತ್ರ ಇತ್ತು. ಏನೋ ಅಲಂಕಾರ ಇರಬೇಕು ಅಂದುಕೊಂಡ. ಅಲ್ಲಿ ತಟ್ಟಿದರೆ ಏನೂ ತೆರೆಯಲಿಲ್ಲ, ‘ಟುಪ್’ ಎಂದು ಸಣ್ಣ ಸದ್ದು ಬಂತು ಅಷ್ಟೆ. ಸರಿಯಾಗಿ ಹತ್ತು ಗಂಟೆಗೆ ಯಂತ್ರ ನಡೆಸಿ, ಬೆನ್ನು ತಿರುಗಿಸಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೆಲಸಕ್ಕೆ ಕೂತ.

ಟುಪ್. ಇಪ್ಪತ್ತು ಸೆಕೆಂಡು. ಟುಪ್. ಇಪ್ಪತ್ತು ಸೆಕೆಂಡು. ಟುಪ್. ಆಹಾ, ಎಂಥ ಲಯ! ಸದ್ದು ಒಂದೇ ಸಮ ಬರುತ್ತಿದ್ದರೆ ಯಂತ್ರ ಸರಿಯಾಗಿದೆ ಎಂದು ಅವನು ಕಲಿತದ್ದು. ಜೀವಮಾನವೆಲ್ಲ ಕಣ್ಣಿಗಿಂತ ಕಿವಿಯನ್ನೇ ನಂಬಿದವನು ಒಂದು ಸಲವೂ ತಿರುಗಿ ನೋಡಲಿಲ್ಲ.

ಹನ್ನೊಂದೂ ಹತ್ತಕ್ಕೆ ಫೋನು ರಿಂಗಾಯಿತು.

ಇವನ ಎರಡೂ ಕೈ ಶಾಲೆಯ ಗಡಿಯಾರದ ದೊಡ್ಡ ಸ್ಪ್ರಿಂಗನ್ನು ಅರ್ಧ ಸುತ್ತಿ ಹಿಡಿದಿದ್ದವು. ಬಿಟ್ಟರೆ ಮುಖಕ್ಕೆ ಬಾರಿಸುವಂಥ ಸ್ಪ್ರಿಂಗು. ಕತ್ತು ತಿರುಗಿಸಿ ನೋಡಿದ. ಪರದೆಯ ತುಂಬ ‘ಅಕ್ಕ’. ಕೆಳಗೆ ಒಂದು ಹಸಿರು ಗುಂಡಿ, ಒಂದು ಕೆಂಪು ಗುಂಡಿ. ಕೆಂಪು ಗುಂಡಿಯ ನೇರಕ್ಕೆ, ಮೇಲೆ, ಕ್ಯಾರೆಟ್.

“ಬಂದೆ ಅಕ್ಕಾ, ಬಂದೇ ಬಂದೆ!” ಎಂದು ಫೋನು ಎತ್ತದೆಯೇ ಕೂಗುತ್ತ ಸ್ಪ್ರಿಂಗಿಗೆ ಕೊಂಡಿ ಹಾಕಲು ಪರದಾಡಿದ. ಬೆರಳು ಜಾರಿತು. ಕೊಂಡಿ ಸಿಕ್ಕಿತು. ಓಡಿದ. ಕೈ ಚಾಚಿದ.

ಟುಪ್.

ಅಕ್ಕ ಮಾಯವಾದಳು. ಒಂದೇ ಒಂದು ಸಲ ಮಾಡುತ್ತೇನೆಂದಿದ್ದ ಅಕ್ಕನ ಕರೆಯನ್ನು ಕ್ಯಾರೆಟ್ ಕಟ್ ಮಾಡಿತ್ತು.

ಕ್ಯಾರೆಟ್ಟಿನ ಕೆಳಗಿನಿಂದ ಫೋನು ಎಳೆದುಕೊಂಡ. ತಿರುಗಿ ಮಾಡಿದ, ಅವಳು ಎತ್ತಲಿಲ್ಲ. ಮತ್ತೆ ಮಾಡಿದ, ಎತ್ತಲಿಲ್ಲ. ಕೊನೆಗೆ ಮೂವತ್ತೈದು ವರ್ಷದ ಜಂಬವನ್ನೆಲ್ಲ ಕೆಳಗೇ ಬಿಟ್ಟು, ಹದಿನಾಲ್ಕು ಮೆಟ್ಟಿಲು ಏದುಸಿರು ಬಿಡುತ್ತ ಹತ್ತಿ, ಮೇಡಂ ಮುಂದೆ ಫೋನು ಚಾಚಿದ. “ಮೇಡಂ, ನನ್ನಿಂದ ಆಗ್ಲಿಲ್ಲ. ನೀವೇ ನೋಡಿ.”

ಮೇಡಂ ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. “ಇದೇನ್ರೀ ಇದು? ನಿಮ್ಮಕ್ಕಂಗೆ ಇಷ್ಟೊಂದು ಹೆಬ್ಬೆಟ್ಟು ಯಾಕೆ ಕಳಿಸಿದ್ದೀರಿ?”

ಪರದೆ ಸರಿಸಿದಷ್ಟೂ ಹೆಬ್ಬೆಟ್ಟುಗಳು. ಒಂದರ ಕೆಳಗೊಂದು, ಮುಗಿಯುವಂತೆಯೇ ಇಲ್ಲ. ಗಡಿಯಾರದಣ್ಣನಿಗೆ ಎಣಿಸಬೇಕಾಗಲಿಲ್ಲ. ಎಪ್ಪತ್ತು ನಿಮಿಷ, ನಿಮಿಷಕ್ಕೆ ಮೂರು. ಇನ್ನೂರ ಹತ್ತು. ನಾಲ್ಕು ವರ್ಷದ ಮುನಿಸಿಗೆ ತಪ್ಪಾಯ್ತು ಅಂದವನು, ಆಮೇಲೆ ಇನ್ನೂರ ಹತ್ತು ಸಲ ಹೆಬ್ಬೆಟ್ಟು ತೋರಿಸಿ, ಅವಳು ಫೋನ್ ಮಾಡಿದರೆ ಮುಖದ ಮೇಲೆ ಕಟ್ ಮಾಡಿದ್ದ. ಅವನು ಅಲ್ಲೇ ಕನ್ನಡಿಯ ಮುಂದಿನ ಕುರ್ಚಿಯಲ್ಲಿ ಕುಸಿದು ಕೂತ.

ಅಷ್ಟರಲ್ಲಿ ಮೇಡಂ ಎರಡು ಕಡೆ ಒತ್ತಿ ಫೋನು ವಾಪಸ್ ಕೊಟ್ಟರು. “ತಗೊಳ್ಳಿ. ಇನ್ನು ಲಾಕ್ ಆದ್ರೂ ವೈಫೈ ಹೋಗಲ್ಲ.”

“ಅಷ್ಟೇನಾ?”

“ಅಷ್ಟೇ.”

ಯಂತ್ರದ ಮೇಲೆ ಅವನಿಗೆ ಬದುಕಿನಲ್ಲೇ ಮೊದಲ ಸಲ ಸಿಟ್ಟು ಬಂತು. ಕೆಳಗಿಳಿದು ಸುತ್ತಿಗೆಯ ಕ್ಯಾರೆಟ್ಟನ್ನು ಕಿತ್ತು ಮೂಲೆಗೆ ಎಸೆದ. ಫೋನನ್ನು ಮೇಜಿನ ಮೇಲಿಟ್ಟ. ಅರ್ಧ ನಿಮಿಷಕ್ಕೆ ಅದು ಕಪ್ಪಾಯಿತು. ಆಗಲಿ, ಇನ್ನು ಎಚ್ಚರವಾಗಿದ್ದು ಯಾರಿಗೇನು ಬರಬೇಕಾಗಿದೆ? ಅವನು ಶಾಲೆಯ ಗಡಿಯಾರದ ಮುಂದೆ ಕೂತ, ಆದರೆ ಕೈ ಹಾಕಲು ಮನಸ್ಸಾಗಲಿಲ್ಲ. ಕಣ್ಣು ಮಂಜಾಗಿ ಭೂತಗನ್ನಡಿಯೂ ಕೆಲಸಕ್ಕೆ ಬರಲಿಲ್ಲ.

ಹನ್ನೊಂದೂ ಮುಕ್ಕಾಲಿಗೆ, ಯಾರೂ ತಟ್ಟದೆ, ಯಾರೂ ಎಬ್ಬಿಸದೆ, ಕಪ್ಪು ಫೋನು ತಾನಾಗಿಯೇ ಬೆಳಗಿ ರಿಂಗಾಯಿತು. ಗಡಿಯಾರದಣ್ಣ ಸ್ಟೂಲು ಬೀಳಿಸಿಕೊಂಡು ಹಾರಿ ಹಿಡಿದ.

“ಅಕ್ಕಾ!”

“ಅಕ್ಕಾ ಗಿಕ್ಕಾ ಅನ್ಬೇಡ. ಇದು ಮಾತಾಡೋ ಫೋನಲ್ಲ. ಮಾತಾಡೋ ಫೋನು ಒಂದೇ ಸಲ ಅಂತ ನಿಮ್ಮ ಭಾವಂಗೆ ಅಂದಿದ್ದೆ, ಅದು ಮುಗೀತು. ಇದು ಬೈಯೋ ಫೋನು.”

“ಬೈಯಕ್ಕಾ.”

“ಮೊದಲ್ನೇ ಹೆಬ್ಬೆಟ್ಟು ಬಂದಾಗ ಬುದ್ಧಿ ಬಂದಿದೆ ಅಂದ್ಕೊಂಡೆ. ಹತ್ತು ಬಂದಾಗ ಯಾವ್ದೋ ಮಗು ಕೈಗೆ ಫೋನ್ ಸಿಕ್ಕಿದೆ ಅಂದ್ಕೊಂಡೆ. ಐವತ್ತಾದಾಗ ನನ್ನನ್ನ ಆಡ್ಕೋತಿದ್ದೀಯ ಅಂತ ಮೈಯೆಲ್ಲ ಉರಿದುಹೋಯ್ತು. ಇನ್ನೂರಾಯ್ತು ಕಣೋ! ಆಗ ಭಯ ಆಯ್ತು. ಎಲ್ಲಾದ್ರೂ ಬಿದ್ದುಬಿಟ್ಟು, ಕೈ ಒಂದೇ ಸಮ ಫೋನಿಗೆ ಬಡೀತಿದೆಯೇನೋ ಅಂತ ಜೀವ ಬಾಯಿಗೆ ಬಂತು. ಹೆದರ್ಕೊಂಡು ಫೋನ್ ಮಾಡಿದ್ರೆ ಕಟ್ ಮಾಡ್ತೀಯಾ?”

“ನಾನಲ್ಲ ಅಕ್ಕಾ. ಕ್ಯಾರೆಟ್ಟು.”

“ಯಾರದು ಕ್ಯಾರೆಟ್ಟು?”

ಅವನು ಹೇಳಿದ. ಮಲಗುವ ಫೋನು, ಸುತ್ತಿಗೆ, ಇಪ್ಪತ್ತು ಸೆಕೆಂಡು, ಹೆಂಡತಿಯ ಡಬ್ಬಿ, ಯಾವುದನ್ನೂ ಬಿಡಲಿಲ್ಲ. ಅಕ್ಕನ ಹಿಂದೆ ಎಲ್ಲೋ ಭಾವ ನಗು ತಡೆಯಲಾರದೆ ಕೆಮ್ಮುತ್ತಿದ್ದರು.

“ಚಿಕ್ಕಂದಿನಿಂದ ಹಿಂಗೇ ನೀನು,” ಅಂದಳು ಅಕ್ಕ, ದನಿ ಇನ್ನಷ್ಟು ಏರಿಸಿ. “ಇದ್ದದ್ದನ್ನ ಇದ್ದ ಹಾಗೆ ಬಿಡೋನೇ ಅಲ್ಲ. ಅಮ್ಮನ ಗಡಿಯಾರಾನೂ ಹಂಗೇ ಹಾಳು ಮಾಡ್ದೆ. ವಾಪಸ್ ಇಟ್ಟಿದ್ದೀನಿ ಅಂತ ಬರೆದುಬಿಟ್ರೆ ನಾನು ನಂಬಬೇಕಾ? ನೀನು...”

ಗೋಡೆಯ ಮೇಲೆ ಅಮ್ಮನ ಗಡಿಯಾರ ಗಂಟಲು ಸರಿಮಾಡಿಕೊಂಡು ಹೊಡೆಯತೊಡಗಿತು. ಒಂದು, ಎರಡು, ಮೂರು. ಅಕ್ಕನ ಮಾತು ಅರ್ಧಕ್ಕೇ ನಿಂತಿತು. ಇವನು ಫೋನನ್ನು ಗಡಿಯಾರದ ಕಡೆಗೆ ಎತ್ತಿ ಹಿಡಿದ. ಅದು ಹನ್ನೆರಡೂ ಹೊಡೆದು ಮುಗಿಸಿತು.

“ನನ್ನ ವಾಚಲ್ಲಿ ಹನ್ನೊಂದೂ ಐವತ್ಮೂರು,” ಅಂದಳು ಅಕ್ಕ ಕೊನೆಗೆ, ತುಂಬ ಮೆಲ್ಲಗೆ.

“ನನ್ನ ವಾಚಲ್ಲೂ ಅಷ್ಟೇ.”

ಅವಳು ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. ಅವನೂ ಎಣ್ಣೆ ಕೈಯಲ್ಲೇ ಕಣ್ಣು ಒರೆಸಿಕೊಂಡು ಮುಖವೆಲ್ಲ ಕಪ್ಪು ಮಾಡಿಕೊಂಡ.

“ಭಾನುವಾರ ಬರ್ತೀನಿ ಪುಟ್ಟಾ. ಅಲ್ಲೀವರೆಗೂ ಆ ಗಡಿಯಾರ ಮುಟ್ಟಿದ್ರೆ ಕೈ ಮುರೀತೀನಿ.”

“ಮುಟ್ಟಲ್ಲ ಅಕ್ಕಾ.”

“ಕೂತ್ಕೋ. ಹನ್ನೆರಡಾಗೋಕೆ ಇನ್ನೂ ಏಳು ನಿಮಿಷ ಇದೆ. ನಾಲ್ಕು ವರ್ಷದ್ದು ಬೈಯೋದು ಬಾಕಿ ಇದೆ.”

ಅವನು ಬಿದ್ದಿದ್ದ ಸ್ಟೂಲು ಎತ್ತಿಕೊಂಡು, ಫೋನು ಕಿವಿಗೊತ್ತಿಕೊಂಡು ನೆಮ್ಮದಿಯಾಗಿ ಕೂತ. ಅಕ್ಕ ಮೊದಲಿನಿಂದ ಶುರುಮಾಡಿದಳು. ಬೆಳಿಗ್ಗೆಯಿಂದ ಏನೂ ತಿಂದಿಲ್ಲವೆಂಬುದು ಅವನಿಗೆ ಆಗ ನೆನಪಾಯಿತು. ಡಬ್ಬಿಗೆ ಕೈ ಹಾಕಿ, ಉಳಿದಿದ್ದ ಕ್ಯಾರೆಟ್ ತುಂಡೊಂದನ್ನು ಬಾಯಿಗಿಟ್ಟುಕೊಂಡು ಕಚ್ಚಿದ.

“ನಾನು ಬೈತಿರುವಾಗ ಏನೋ ಅದು ಕರುಂ ಕರುಂ ಅಂತ?” ಅಂದಳು ಅಕ್ಕ.