ಬಿಳಿ ಕಾರಿಗೆ ಹೇಳಬೇಕಿದ್ದ ಮಾತು

ಶೀಗೇಕಾಯಿ ಪುಡಿಯನ್ನು ಇನ್ನೊಂದು ಚಿಟಿಕೆ ತೆಗೆದುಕೊಂಡು ನಾದಿನಿ ಮಲ್ಲಾಬಾಯಿ, ತೀರಿಕೊಂಡ ಸುಂದ್ರಮ್ಮನ ಬಲಗೈ ಹೆಬ್ಬೆರಳನ್ನು ಮತ್ತೆ ತಿಕ್ಕಿದಳು. ಉಗುರಿನ ಸುತ್ತಲಿನ ಕಪ್ಪು ಬಿಡಲಿಲ್ಲ.

"ಎಂಥಾ ಮಸಿನೋ ಏನೋ. ನಮ್ಮ ವೈನಿ ಜಲ್ಮಪೂರ್ತಿ ಗಡಿಗಿನೇ ತಿಕ್ಯಾಳ ನೋಡ್ರಿ."

"ಈ ಮನ್ಯಾಗ ಗ್ಯಾಸ್ ಬಂದು ಇಪ್ಪತ್ತು ವರ್ಷ ಆತು. ಇನ್ನೆಲ್ಲಿ ಗಡಿಗಿ ಮಸಿ?" ತಂಬಿಗೆಯಿಂದ ನೀರು ಹಾಕುತ್ತಿದ್ದ ಪಕ್ಕದ ಮನೆಯ ಮೋನಮ್ಮ ಕೇಳಿದಳು.

"ಬಿಡು ಅತ್ತಿ, ಅದು ಹೋಗಂಗಿಲ್ಲ," ಎಂದು ಮರಿಲಿಂಗಮ್ಮ ತಾಯಿಯ ಕೈಯನ್ನು ತನ್ನತ್ತ ಎಳೆದುಕೊಂಡು ಸೆರಗಿನಿಂದ ಒರೆಸಿದಳು. ಅದು ಎಂಜಿನ್ನಿನ ಮಸಿಯೆಂದು ಅಲ್ಲಿ ನೆರೆದವರಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬಳು ತಾನು. ಇನ್ನೊಬ್ಬರು, ಹೊರಗೆ ಗ್ಯಾರೇಜಿನ ಕಟ್ಟೆಯ ಮೇಲೆ ಕುಳಿತಿದ್ದ ಅಪ್ಪ, ಹುಲಗಪ್ಪ ಮಿಸ್ತ್ರಿ.

ಹೊರಗಿನಿಂದ ಅಪ್ಪನ ಗೆಳೆಯ ಮಾನಪ್ಪನ ದನಿ ಕೇಳಿತು. "ಒಂದು ಗುಟುಕರ ನೀರು ಕುಡಿಯೋ ಮಿಸ್ತ್ರಿ. ಗಿರಾಕಿ ಮುಂದ ಹತ್ತು ಸಲ ಎದ್ದು ಒಳಗ ಹೋಗಿ ಕುಡಿಯಾಂವ, ಇವತ್ತ ಮುಂಜಾನಿಂದ ಬಾಯಿಗಿ ಹಚ್ಚಿಲ್ಲ."

"ನೀರಡಿಕಿ ಇಲ್ಲ," ಎಂದ ಅಪ್ಪ.

"ಸಕ್ರಿ ರೋಗದಾಂವಗ ನೀರಡಿಕಿ ಇಲ್ಲಂದ್ರ ಹೆಂಗಪಾ?"



*

ಕೆನಾಲಿಗೆ ನೀರು ಬಿಟ್ಟ ಮರುವರ್ಷ ಹುಲಗಪ್ಪ ಶಹಾಪುರದ ಸುರಪುರ ರಸ್ತೆಯಲ್ಲಿ ಗ್ಯಾರೇಜು ತೆರೆದ. ಗುತ್ತಿಗೆದಾರರ ಜೀಪುಗಳು ಧೂಳು ಕುಡಿದು ಬರುತ್ತಿದ್ದವು. ಅವನು ಬಿಚ್ಚಿಕೊಟ್ಟ ಸ್ಪಾರ್ಕ್ ಪ್ಲಗ್ಗುಗಳನ್ನು ಹಿತ್ತಲಲ್ಲಿ ಪೆಟ್ರೋಲಿನಲ್ಲಿ ತೊಳೆಯುವುದು ಹೊಸ ಹೆಂಡತಿಯ ಕೆಲಸವಾಯಿತು. ತೊಳೆಯುತ್ತ ತೊಳೆಯುತ್ತ ಅವಳಿಗೆ ಅವುಗಳ ಬಣ್ಣ ತಿಳಿಯಿತು. ಕಪ್ಪಾಗಿದ್ದರೆ ಎಣ್ಣೆ ಹೆಚ್ಚು, ಬಿಸ್ಕೀಟಿನ ಬಣ್ಣವಿದ್ದರೆ ಸುಖ, ಬಿಳಿಚಿಕೊಂಡಿದ್ದರೆ ಉರಿ ಹೆಚ್ಚು.

ಸಕ್ಕರೆ ಕಾಯಿಲೆ ಹುಲಗಪ್ಪನ ಕಣ್ಣಿಗೆ ಬಡಿದು ಹದಿನೈದು ವರ್ಷ. ನಟ್ಟು ಬೋಲ್ಟು ಕೈಗೆ ತಿಳಿಯುತ್ತಿದ್ದವು, ಕಿಡಿ ಹಾರುವ ಕೂದಲೆಳೆಯಷ್ಟು ಸಂದು ಕಾಣುತ್ತಿರಲಿಲ್ಲ. ಪ್ಲಗ್ಗುಗಳನ್ನು ಅಂಗೈಯಲ್ಲಿ ಮುಚ್ಚಿಕೊಂಡು, ನೀರು ಕುಡಿದು ಬರುತ್ತೇನೆಂದು ಅವನು ಒಳಗೆ ಹೋಗುತ್ತಿದ್ದ. ಸುಂದ್ರಮ್ಮ ಹಿತ್ತಲ ಬಾಗಿಲ ಬೆಳಕಿಗೆ ಹಿಡಿದು ನೋಡಿ ಹೇಳುತ್ತಿದ್ದಳು. ಹೊರಗೆ ಬಂದು ಅವನು ಅದನ್ನೇ ಹೇಳುತ್ತಿದ್ದ. ಪ್ಲಗ್ಗು ನೋಡಿ ಎಂಜಿನ್ನಿನ ಹೊಟ್ಟೆಯೊಳಗಿನದನ್ನು ಹೇಳುವವನೆಂದು ಯಾದಗಿರಿಯವರೆಗೂ ಅವನ ಹೆಸರು ಹಬ್ಬಿತು.

ಹತ್ತಿ ವ್ಯಾಪಾರಿ ಮನ್ಸೂರಅಲಿಯ ಬಿಳಿ ಕಾರು ಎಂಜಿನ್ನಿಗೆ ಒತ್ತಿ ಗಾಳಿ ತುಂಬುವ ಟರ್ಬೊದ್ದು. ಅದು ಸಾಲದೆಂದು ಅವನು ಹೈದರಾಬಾದಿನಲ್ಲಿ ಅದರ ಗಾಳಿಯ ಒತ್ತಡ ಏರಿಸಿಕೊಂಡು ಬಂದಿದ್ದ. ಪ್ಲಗ್ಗು ನಲವತ್ತು ಸಾವಿರ ಕಿಲೋಮೀಟರಿಗೆ ಬದಲಿಸಿದರೆ ಸಾಕೆಂದು ಕಾರಿನ ಪುಸ್ತಕದಲ್ಲಿತ್ತು.

"ಪುಸ್ತಕ ಬರದಾಂವ ಇವರು ಗಾಳಿ ಏರಿಸಿದ್ದು ನೋಡ್ಯಾನೇನು?" ಎಂದು ಸುಂದ್ರಮ್ಮ ನಕ್ಕಿದ್ದಳು. "ಇದಕ್ಕ ಹದಿನೈದು ಸಾವಿರಕ್ಕ ಹೊಸಾವು ಹಾಕಬೇಕು. ಮೊದಲಿನಂಗ ತಿಕ್ಕಿ ತೊಳದು ಹಾಕೂವಲ್ಲ ಇವು."

ಮುದನಾಳದ ಗಂಡನ ಮನೆಯಿಂದ ಬಂದಿದ್ದ ಮರಿಲಿಂಗಮ್ಮ ಅಂದು ಕೇಳಿಯೇಬಿಟ್ಟಳು. "ಕೆಲಸ ನಿಂದು, ಹೆಸರು ಅಪ್ಪಂದು. ನಿನಗ ಸಿಟ್ಟು ಬರಂಗಿಲ್ಲೇನಬೇ?"

"ಹೆಸರು ತೊಗೊಂಡು ಏನು ಮಾಡ್ಲಿ? ನಾ ಅಂದ ಮಾತು ಪೂರಾ ಮುಟ್ಟಿದ್ರ ಸಾಕು. ನಾ ತಿಪ್ಪಿಗಿ ಒಗೀರಿ ಅಂತೀನಿ. ನಿಮ್ಮಪ್ಪ ಹೊರಗ ಹೋಗಿ ಇನ್ನೊಂದು ತಿಂಗಳು ನಡೀತಾವ ಅಂತಾನ. ಗಿರಾಕಿಗಿ ಸಿಟ್ಟು ಬಂದೀತಂತ ಅಂಜಿಕಿ." ಕೈಯಲ್ಲಿದ್ದ ಪ್ಲಗ್ಗನ್ನು ಕೆಳಗಿಟ್ಟು ಅಂದಿದ್ದಳು, "ಅರ್ಧಾ ಮಾತು ಹೊರಗ ಹೋದಾಗೆಲ್ಲ, ಇನ್ನರ್ಧ ಎದ್ಯಾಗ ಕುಂದ್ರತದವ್ವ."

ನಾಲ್ಕು ದಿನದ ಹಿಂದೆ ಆ ಬಿಳಿ ಕಾರು ಮತ್ತೆ ಬಂದಿತ್ತು. ಅದೇ ಮಧ್ಯಾಹ್ನ, ಅದರ ಪ್ಲಗ್ಗು ನೋಡಿ ಗಂಡನಿಗೆ ಹೇಳಿದ ಮೇಲೆ, ಸುಂದ್ರಮ್ಮ ಹಿತ್ತಲ ಬಾಗಿಲಲ್ಲಿ ಕುಸಿದಳು. ಆಸ್ಪತ್ರೆಯಲ್ಲಿ ಅವಳ ಬಾಯಿ ಒಂದು ಕಡೆಗೆ ವಾಲಿತ್ತು. ಮಗಳಿಗೆ ತಡೆ ತಡೆದು ಹೇಳಿದಳು. ಪ್ಲಗ್ಗಿನ ಪಿಂಗಾಣಿಯ ಮೇಲೆ ಸಾಸಿವೆಗಿಂತ ಸಣ್ಣ ಹೊಳೆಯುವ ಚುಕ್ಕೆಗಳಿದ್ದವು. ಅವು ಲೋಹದ ಹನಿ, ಒಳಗೆ ಪಿಸ್ಟನ್ ಕರಗುತ್ತಿದೆ. ಆ ಪ್ಲಗ್ಗು ಒಗೆಯಬೇಕು, ಏರಿಸಿದ ಗಾಳಿ ಇಳಿಸುವವರೆಗೆ ಕಾರು ಒಂದು ಹೆಜ್ಜೆಯೂ ಓಡಿಸಬಾರದು. ಆಮೇಲೆ ಗಂಡನ ಕಡೆ ಹೊರಳಿದಳು.

"ಸಾವ್ಕಾರ್ರಿಗಿ ಹೇಳಿದಿ?"

"ಹೇಳೀನಿ," ಎಂದ ಹುಲಗಪ್ಪ.

ಅವಳು ಕಣ್ಣು ಮುಚ್ಚಿಕೊಂಡಳು. ಮತ್ತೆ ಮಾತಾಡಲಿಲ್ಲ.

*

ಮಣ್ಣು ಕೊಟ್ಟಾಗ ಮಧ್ಯಾಹ್ನ ಮೂರು ಗಂಟೆ. ಕೆನಾಲಿನ ಪಕ್ಕದ ರುದ್ರಭೂಮಿ ಅದು, ಆಚೆ ಭತ್ತದ ಗದ್ದೆ. ಹೆಣ ತಂದ ಟ್ರ್ಯಾಕ್ಟರು ಹೊರಟುಹೋಗಿತ್ತು. ಮನ್ಸೂರಅಲಿ ತಲೆಗೆ ಕರವಸ್ತ್ರ ಕಟ್ಟಿಕೊಂಡು, ಮೂರು ಹಿಡಿ ಮಣ್ಣು ಹಾಕಿ ಹುಲಗಪ್ಪನ ಬಳಿ ಬಂದ.

"ಗಾಡ್ಯಾಗ ಕೂಡ್ರಿ ಮಿಸ್ತ್ರಿ, ಮನಿಗಿ ಬಿಟ್ಟು ಹಂಗೇ ಹೈದರಾಬಾದಿಗಿ ಹೋಗತೀನಿ. ಮಗಳು ಮಕ್ಕಳನ್ನ ಕಟಗೊಂಡು ಕಾಯಾಕತ್ತಾಳ, ಕರ್ಕೊಂಡು ಬರಬೇಕು." ದನಿ ತಗ್ಗಿಸಿದ. "ಇಂಥಾದ್ರಾಗ ಕೇಳಬಾರದು. ಏರಿನಾಗ ಒತ್ತಿದ್ರ ಗಾಡಿ ಒಂಚೂರು ತಡವರಸತದ. ತಿಂಗಳು ನಡೀತದ ಅಂದಿದ್ರಲ್ಲ, ನಡೀತದಲ್ಲ?"

ಕೈ ತೊಳೆಯುತ್ತಿದ್ದ ಮರಿಲಿಂಗಮ್ಮ ತಂಬಿಗೆಯನ್ನು ಕೆಳಗಿಟ್ಟಳು. ಆಸ್ಪತ್ರೆಯ ಮಂಚ, ಮುಚ್ಚಿಕೊಂಡ ಆ ಕಣ್ಣು. ಅವ್ವ ಸುಳ್ಳನ್ನು ನಂಬಿಕೊಂಡು ಹೋಗಿದ್ದಳು.

"ಹೇಳೀನಿ ಅಂದಿದ್ಯಲ್ಲಪ್ಪ," ಎಂದಳು. "ಅವ್ವನ ಮುಂದ ಅಂದಿದ್ದಿ."

ಹುಲಗಪ್ಪ ಮನ್ಸೂರಅಲಿಯ ದನಿ ಬಂದ ಕಡೆ ತಿರುಗಿದ.

"ಸಾವ್ಕಾರ್ರ, ಆ ಪ್ಲಗ್ ನಾ ನೋಡಿದ್ದಲ್ಲ. ನನಗ ಹದಿನೈದು ವರ್ಷದಿಂದ ಅಷ್ಟು ಸಣ್ಣದು ಕಾಣಂಗಿಲ್ಲ. ಎಲ್ಲಾ ಆಕಿನೇ ನೋಡತಿದ್ಲು. ನಿಮ್ಮ ಗಾಡಿದು ಆಕಿ ಹೇಳಿದ್ದು ಬ್ಯಾರೆ, ನಾ ನಿಮಗ ಹೇಳಿದ್ದು ಬ್ಯಾರೆ."

ಮಾನಪ್ಪ ಅವನ ಹೆಗಲು ಹಿಡಿದ. "ದುಃಖಕ್ಕ ಏನೇನೋ ಅನ್ನಾಕತ್ತಾನ್ರಿ. ಸುಂದ್ರವ್ವ ಪ್ಲಗ್ ನೋಡೂದಂದ್ರ! ನಡಿಯೋ ಹುಲಗ್ಯಾ, ನಡಿ." ಹಿಂದೆ ಯಾರೋ ನಗು ಬಂದು ಕೆಮ್ಮಿದರು.

ಮನ್ಸೂರಅಲಿ ನಗಲಿಲ್ಲ. ಹುಲಗಪ್ಪನ ಮಸುಕಾದ ಕಣ್ಣುಗಳನ್ನು ಬಹಳ ಹೊತ್ತು ನೋಡಿದ.

"ಅದಕ್ಕ ಪ್ರತಿ ಸಲ ನೀರು ಕುಡದು ಬಂದು ಹೇಳತಿದ್ರಿ," ಎಂದ. ಮರಿಲಿಂಗಮ್ಮನ ಕಡೆ ತಿರುಗಿದ. "ಏನಂದಿದ್ರವ್ವ ಅವರು? ಅವರಂದಂಗ ಹೇಳು."

ಅಷ್ಟು ಗಂಡಸರ ನಡುವೆ ಅವಳೆಂದೂ ದನಿ ತೆಗೆದವಳಲ್ಲ. ಕೆಳಗಿಟ್ಟ ತಂಬಿಗೆಯನ್ನು ದಾಟಿ ಮುಂದೆ ಬಂದಳು.

"ಒಳಗ ಪಿಸ್ಟನ್ ಕರಗಾಕತ್ತದ. ಆ ಪ್ಲಗ್ ಒಗೀರಿ. ಏರಿಸಿದ ಗಾಳಿ ಇಳಿಸೋತನಕ ಗಾಡಿ ಒಂದು ಹೆಜ್ಜಿನೂ ಓಡಸಬ್ಯಾಡ್ರಿ." ಇಷ್ಟು ಹೇಳಿ ನಿಲ್ಲಿಸಿದಳು. ಅದರಲ್ಲಿ ಬಿಟ್ಟದ್ದೂ ಇರಲಿಲ್ಲ, ಮೆತ್ತಗೆ ಮಾಡಿದ್ದೂ ಇರಲಿಲ್ಲ.

"ಊರಿಗಿ ಇಲ್ಲಿಂದ ಎರಡು ಮೈಲಿ ಅದರಿ," ಎಂದ ಮಾನಪ್ಪ. "ಅಷ್ಟಕ್ಕೇನು ಆಗತದ? ಹೊಡ್ಕೊಂಡು ಹೋಗ್ರಿ."

"ಒಂದು ಹೆಜ್ಜಿ ಅಂದಾರ," ಎಂದ ಮನ್ಸೂರಅಲಿ.

ಹಿಂದಿನ ಸೀಟಿನಿಂದ ತನ್ನ ಚೀಲ ತೆಗೆದುಕೊಂಡು ಬಾಗಿಲಿಗೆ ಬೀಗ ಹಾಕಿದ. ದಾರಿ ಕಾಣದೆ ನಿಂತಿದ್ದ ಹುಲಗಪ್ಪ ಮೊದಲ ಸಲ ಎಲ್ಲರೆದುರು ಕೈ ಚಾಚಿದ. ಮನ್ಸೂರಅಲಿ ಆ ಕೈ ಹಿಡಿದುಕೊಂಡ. ಕೆನಾಲಿನ ಏರಿಯ ಮೇಲೆ ಅವರು ಮುಂದೆ, ಉಳಿದವರು ಹಿಂದೆ, ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಮರಿಲಿಂಗಮ್ಮ ಒಮ್ಮೆ ತಿರುಗಿ ನೋಡಿದಳು. ಹಸಿ ಮಣ್ಣಿನ ದಿಬ್ಬದ ಪಕ್ಕ, ಜಾಲಿಯ ತೆಳು ನೆರಳಿನಲ್ಲಿ, ಹೈದರಾಬಾದ್ ರಸ್ತೆಗೆ ಮುಖ ಮಾಡಿದ ಬಿಳಿ ಕಾರು ಅಲುಗದೆ ನಿಂತಿತ್ತು.