ಎಲ್ಲರ ಮುಂದೆ

"ಒಳಗೆ ಬರಲೇನಮ್ಮ?" ಎಂದು ಮೋಹಿನಿ ಎರಡನೇ ಸಲ ಕೇಳಿದಾಗಲೂ ಚಲುವಮ್ಮ ತಲೆಯೆತ್ತಲಿಲ್ಲ. ನೆನೆಸಿದ ಅವರೆಕಾಳನ್ನು ಹಿಸುಕುತ್ತಲೇ, "ಬಾಗ್ಲು ತಗ್ದೇ ಅದಲ್ಲ" ಎಂದಳು.

ಮೋಹಿನಿ ಚಪ್ಪಲಿ ಬಿಟ್ಟು ಒಳಗೆ ಬಂದು, ತಂದಿದ್ದ ಬಾಳೆಹಣ್ಣನ್ನು ಹೊಲಿಗೆ ಮಿಷನ್ನಿನ ಮೇಲಿಟ್ಟಳು. ಮದ್ದೂರಿನ ಅವರ ಪುಟ್ಟ ಚರ್ಚಿಗೆ ಚಲುವಮ್ಮ ಬರುವುದನ್ನೇ ಬಿಟ್ಟಿದ್ದಳು.

ಓದು ಬಾರದಿದ್ದ ಚಲುವಮ್ಮನಿಗೆ ಅಕ್ಷರ ಕಲಿಸಿದವಳು ಮೋಹಿನಿಯೇ. ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ ಸಂಜೆ ಮನೆಗೆ ಕರೆಸಿಕೊಂಡು ಕಲಿಸಿದ್ದಳು. ಚಲುವಮ್ಮ ಮೊದಲ ಸಲ ಆರಾಧನೆಯಲ್ಲಿ ಬೈಬಲ್ ಓದಲು ನಿಂತ ದಿನ, ಶಾಂತರು ಧನ್ಯರು ಎನ್ನುವ ಭಾಗ ಬಂದಿತ್ತು. "ಸಾಂತರು" ಎಂದಳು. ಮುಂದಿನ ಸಾಲಿನಲ್ಲಿದ್ದ ಮೋಹಿನಿ "ಶಾಂತರು" ಎಂದು ತಿದ್ದಿದಳು. ಚಲುವಮ್ಮ ಮತ್ತೆ ಹಾಗೇ ಓದಿದಳು. ಮೋಹಿನಿ ಮತ್ತೆ ತಿದ್ದಿದಳು. ಹಿಂದೆ ಯಾರೋ ನಕ್ಕರು, ಆಮೇಲೆ ಎಲ್ಲರೂ. ಚಲುವಮ್ಮ ಓದು ಮುಗಿಸದೆ ಹೊರಗೆ ನಡೆದುಬಿಟ್ಟಳು.

ಮೋಹಿನಿ ದನಿ ಎತ್ತಿದ್ದನ್ನು ಸಭೆಯಲ್ಲಿ ಯಾರೂ ಎಂದೂ ಕೇಳಿರಲಿಲ್ಲ. ದೀನತೆಯನ್ನು ಮೋಹಿನಮ್ಮನಿಂದ ಕಲಿಯಿರಿ ಎಂದು ಪಾಸ್ಟರ್ ಶಶಿಧರ್ ಒಮ್ಮೆ ಪ್ರಸಂಗದಲ್ಲೇ ಹೇಳಿದ್ದರು. ಆ ಮಾತು ಅವಳಿಗೆ ಬಹಳ ಹಿತವಾಗಿತ್ತು.

"ನಿನ್ನ ಮೇಲೆ ನನಗೇನೂ ಬೇಜಾರಿಲ್ಲಮ್ಮ" ಎಂದಳು ಈಗ. "ಹಾಗೆ ಎದ್ದು ಹೋದೆಯಲ್ಲ, ಅವತ್ತೇ ಕ್ಷಮಿಸಿಬಿಟ್ಟೆ. ಈ ವಾರದಿಂದ ಬಾ."

ಚಲುವಮ್ಮನ ಕೈ ನಿಂತಿತು. "ನೀವು ನನ್ನ ಕ್ಸಮಿಸುದ್ರಾ? ಯಾತುಕ್ಕೆ?"

ಮೋಹಿನಿ ತಡವರಿಸಿದಳು. "ನಾನೇನು ಬೈಯಲಿಲ್ಲವಲ್ಲಮ್ಮ. ಮೆತ್ತಗೇ ಹೇಳಿದೆ."

"ಮೆತ್ತಗೇ ಏಳುದ್ರಿ ಕಣಕ್ಕ. ಬೈದಿದ್ರೆ ನಾನೂ ಒಂದು ಬೈದು ಅಲ್ಲೇ ಮುಗುಸ್ಬುಡ್ತಿದ್ದೆ. ನೀವು ಮೆತ್ತಗೆ ಏಳ್ಬುಟ್ರೆ ಎಲ್ರೂವೆ ನಿಮ್ಮ ಕಡೀಕೇ ಆಯ್ತರೆ. ನಾನು ಕತ್ತೆ ಆಯ್ತೀನಿ."

ಎರಡನೇ ಸಲ ತಿದ್ದುವಾಗ ತಾನು ಪಾಸ್ಟರ್ ಕಡೆ ಒಮ್ಮೆ ನೋಡಿದ್ದು ಮೋಹಿನಿಗೆ ನೆನಪಾಯಿತು. ಕಲಿಸಿದವಳು ನಾನು ಎಂದು ಅವರಿಗೆ ಗೊತ್ತಾಗಲಿ ಅಂತಲೇ ನೋಡಿದ್ದಳು.

"ತಪ್ಪಾಯಿತು ಚಲುವಮ್ಮ."

"ಅಂದಿದ್ದು ಎಲ್ರ ಮುಂದೆ. ತಪ್ಪಾಯ್ತು ಅನ್ನಾದು ನನ್ನ ಮನೆ ಒಳ್ಗಾ?" ಚಲುವಮ್ಮ ಮತ್ತೆ ಅವರೆಕಾಳಿಗೆ ಕೈ ಹಾಕಿದಳು. "ಅಣ್ಣು ತಗಂಡೋಗಿ. ನಮ್ಮನೇಲಿ ಯಾರೂ ತಿನ್ನಕಿಲ್ಲ."

ಬಾಳೆಹಣ್ಣಿನ ಚೀಲ ಹಿಡಿದು ಪೇಟೆ ಬೀದಿಯಲ್ಲಿ ವಾಪಸು ಬರುವಾಗ ಮೋಹಿನಿಗೆ ಸಿಟ್ಟು ಬಂತು. ಎಷ್ಟು ಕಲಿಸಿದರೇನು, ಕೃತಜ್ಞತೆಯಿಲ್ಲ ಎಂದುಕೊಂಡಳು. ಆ ಸಿಟ್ಟು ಶನಿವಾರದವರೆಗೂ ಇತ್ತು.

ಭಾನುವಾರ ಚರ್ಚಿನಲ್ಲಿ ಪ್ರಕಟಣೆಗಳಾದ ಮೇಲೆ ಅವಳು ಎದ್ದು ನಿಂತಳು.

"ಚಲುವಮ್ಮ ಓದಿದ ದಿನ ನಾನು ತಿದ್ದಿದ್ದು ಅವಳಿಗೋಸ್ಕರ ಅಲ್ಲ. ಕಲಿಸಿದವಳು ನಾನು ಅಂತ ನಿಮಗೆಲ್ಲ ತೋರಿಸಿಕೊಳ್ಳುವುದಕ್ಕೆ. ಅವಳನ್ನು ನಗೆಪಾಟಲು ಮಾಡಿದೆ."

"ಇರಲಿ ಬಿಡಿ ಮೋಹಿನಮ್ಮ, ಸಣ್ಣ ವಿಷಯ" ಎಂದರು ಪಾಸ್ಟರ್.

"ಸಣ್ಣದಲ್ಲ ಅಯ್ಯನವರೇ."

ಚಲುವಮ್ಮ ಅಲ್ಲಿರಲಿಲ್ಲ. ಮೋಹಿನಿ ಕೂತಾಗ ಪಕ್ಕದ ನಾಗಮಣಿ ಅವಳ ಕೈ ಒತ್ತಿ, "ನಿಮ್ಮಂಗೆ ತಗ್ಗಿ ನಡ್ಯೋರು ಯಾರವ್ರೆ ಅಕ್ಕ!" ಎಂದು ಪಿಸುಗುಟ್ಟಿದಳು. ಮೋಹಿನಿಯ ಮುಖ ಬಿಸಿಯಾಯಿತು. ಹಾಗಲ್ಲ ಎನ್ನಲು ಹೊರಟಳು. ಹಾಗಂದರೆ ಅದನ್ನೂ ಹೊಗಳುತ್ತಾರೆ ಎನಿಸಿ ಸುಮ್ಮನಾದಳು.

ಸುದ್ದಿ ಮುಟ್ಟಿಸಲು ಅವಳು ಚಲುವಮ್ಮನ ಮನೆಗೆ ಹೋಗಲಿಲ್ಲ.

ಕೆಲವು ದಿನಗಳಾದ ಮೇಲೆ ಮೋಹಿನಿ ಮಂಡ್ಯದ ಬಸ್ಸು ಹತ್ತಿದಳು. ಬಸ್ಸಿನ ತುಂಬ ಹೆಂಗಸರು. ನಡುವಿನ ಸೀಟೊಂದರಲ್ಲಿ ಕಿಟಕಿ ಪಕ್ಕ ಚಲುವಮ್ಮ ಕೂತಿದ್ದಳು, ಮಗ್ಗುಲ ಖಾಲಿ ಸೀಟಿನ ಮೇಲೆ ಅವಳ ಬಟ್ಟೆಯ ಗಂಟು. ಮೋಹಿನಿ ಸ್ವಲ್ಪ ದೂರದಲ್ಲೇ ಕಂಬಿ ಹಿಡಿದು, ಬೇರೆ ಕಡೆ ನೋಡುತ್ತ ನಿಂತಳು.

"ಯಾರಾರ ಬತ್ತಾರಾ ಇಲ್ಗೆ?" ಎಂದು ಹಿಂದಿನಿಂದ ಬಂದ ಹೆಂಗಸೊಬ್ಬಳು ಸೀಟು ತೋರಿಸಿ ಕೇಳಿದಳು.

"ಬತ್ತಾರೆ" ಎಂದಳು ಚಲುವಮ್ಮ.

ಬಸ್ಸು ಹೊರಟಿತು. ಯಾರೂ ಬರಲಿಲ್ಲ. ಗೆಜ್ಜಲಗೆರೆ ಹತ್ತಿರ ಕಬ್ಬಿನ ಲಾರಿಯೊಂದರ ಹಿಂದೆ ಸಿಕ್ಕಿಕೊಂಡು ಬಸ್ಸು ನಿಧಾನವಾದಾಗ, ಚಲುವಮ್ಮ ಕಿಟಕಿಯಾಚೆ ನೋಡುತ್ತಲೇ ಗಂಟನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು.