ನಳಿನಿ ಸರೋಜಾ ಆದದ್ದು

ಬಬಲೇಶ್ವರದ ಬೋರವ್ವನಿಗೆ ಐವತ್ತು ದಾಟಿದ ಮೇಲೆ ಒಂದು ಚಟ ಹತ್ತಿತು. ಎಲೆಯಡಿಕೆಯದಲ್ಲ, ಮೂಗಿಗೇರಿಸುವ ತಪಕೀರಿನದೂ ಅಲ್ಲ, ಕಾದಂಬರಿಯದು! ಆಕೆಗೆ ಓದಲು ಬರುತ್ತಿರಲಿಲ್ಲ. ಆದರೆ ಹೋದ ವರ್ಷ ಮನೆ ತುಂಬಿದ ಸೊಸೆ ಏಳನೆಯ ಇಯತ್ತೆ ಪಾಸಾದವಳು. ಮಗ ಅಮಸಿದ್ದ, ಬೆಣ್ಣೆ ಮಾರಲು ವಿಜಾಪುರಕ್ಕೆ ಹೋದಾಗೆಲ್ಲ ಸ್ಟೇಷನ್ ರಸ್ತೆಯ ಮುರ್ತುಜಾಸಾಬನ ಬಾಡಿಗೆ ಪುಸ್ತಕದ ಅಂಗಡಿಯಿಂದ ಒಂದು ಕಾದಂಬರಿ ತರುತ್ತಿದ್ದ. ಮಧ್ಯಾಹ್ನ ಅತ್ತೆ ಜೋಳ ಹಸನು ಮಾಡುತ್ತ ಕೂತರೆ ಸೊಸೆ ಎದುರಿಗೆ ಕೂತು ಓದಬೇಕು. ಬೆಳಗಿನಿಂದ ಸಂಜೆಯತನಕ ಆ ಹುಡುಗಿಗೆ ನೆಲಕ್ಕೆ ಕುಂಡಿ ಹತ್ತುತ್ತಿದ್ದುದು ಆ ಒಂದು ಹೊತ್ತಿನಲ್ಲೇ.

"ಅರವತ್ತಕ್ಕ ಅರಳು ಮರಳು ಅಂತಾರ, ನಿನಗ ಮೊದಲ ಬಂತಲ್ಲ ಬೇ" ಎಂದು ಮಗ ನಗುತ್ತಿದ್ದ.

"ನೀ ಬಾಯಿ ಮುಚ್ಚಿ ಪುಸ್ತಕ ತಾ" ಎನ್ನುತ್ತಿದ್ದಳು ಬೋರವ್ವ.

ಸೊಸೆಯ ತವರಿನ ಹೆಸರು ತಾಯವ್ವ. ಫಜೀತಿ ನೋಡಿ, ಬೋರವ್ವನ ಸತ್ತ ಅತ್ತೆಯ ಹೆಸರೂ ತಾಯವ್ವ! ಲಗ್ನವಾಗಿ ಬಂದಾಗಿನಿಂದ ಬೋರವ್ವ ಆ ಹೆಸರನ್ನು ಒಮ್ಮೆಯೂ ಬಾಯಿಂದ ಆಡಿದವಳಲ್ಲ. ಅತ್ತೆಯ ಹೆಸರು ಹಿಡಿದು ಕೂಗಿ 'ಏ, ಸೆಗಣಿ ಬಳಿ' ಎನ್ನಲು ಬರುತ್ತದೆಯೇ? ಅದಕ್ಕೇ ಮಗನ ಲಗ್ನದ ದಿನವೇ ತಾಟಿನ ಅಕ್ಕಿಯಲ್ಲಿ ಉಂಗುರದಿಂದ 'ಸುಮಿತ್ರಾ' ಎಂದು ಬರೆಸಿ ಹೆಸರು ಬದಲಿಸಿದ್ದರು. ಮೊದಮೊದಲು ಹುಡುಗಿ ಆ ಹೆಸರಿಗೆ ಓಗೊಡುವುದನ್ನೇ ಮರೆಯುತ್ತಿದ್ದಳು. "ಕಿವುಡಿ ಏನ ಇಕಿ?" ಎಂದು ಬೋರವ್ವ ರೇಗುತ್ತಿದ್ದಳು. ಈಗ ರೂಢಿಯಾಗಿತ್ತು.

ಆ ಸಲ ಬಂದದ್ದು ನಳಿನಿ ಎಂಬ ಹುಡುಗಿಯ ಕಥೆ. ಮಲತಾಯಿಯ ಕಾಟ ತಾಳದೆ, ಸಣ್ಣವಳಿದ್ದಾಗ ಕಳೆದುಹೋದ ಅಣ್ಣನನ್ನು ಹುಡುಕುತ್ತ ರೈಲು ಹತ್ತಿದವಳು. ಬೋರವ್ವನ ಕರುಳು ಚುರ್ ಎಂದಿತು. ಉಣ್ಣುವಾಗಲೂ ರೊಟ್ಟಿ ಮುರಿದು, "ಆ ಪರದೇಶಿ ಕೂಸು ಏನ ಉಂಡಿತ್ತೋ" ಎನ್ನುವಳು. ಕಥೆಯಲ್ಲಿ ನಳಿನಿ ಗೊತ್ತಿಲ್ಲದ ಒಂದು ಸ್ಟೇಷನ್ನಿನಲ್ಲಿ ಇಳಿದಳು. ಸೊಸೆ ಹಾಳೆ ತಿರುವಿದಳು. ತಿರುವಿ ತಡೆದಳು.

"ಅತ್ತಿ, ಇಲ್ಲಿ ನಳಿನಿ ಇಲ್ರಿ. ಸರೋಜಾ ಅಂತ ಐತ್ರಿ. ಅತ್ತಿ ಮನ್ಯಾಗ ಅದಾಳ್ರಿ."

"ಹಾಳಿ ಹರದಾವೇನ?"

ಸೊಸೆ ಪುಟದ ಅಂಕಿ ನೋಡಿದಳು. ಒಂದೂ ತಪ್ಪಿರಲಿಲ್ಲ.

"ಮತ್ತೇನಾತು? ಲಗ್ನ ಆಗೇತಿ. ಹೆಸರ ಬದಲಿ ಮಾಡ್ಯಾರ. ಓದ ಮುಂದ."

"ಲಗ್ನ ಯಾವಾಗ ಆತ್ರಿ? ಅಣ್ಣ ಎಲ್ಲಿ ಸಿಕ್ಕ?"

"ಎಲ್ಲಾನೂ ಬರಕೋತ ಕೂತರ ಅವಗ ಕಾಗದ ಸಾಲಬೇಕಲ್ಲ? ನೀ ಓದು."

ಓದಿದಳು. ಮುಂದಿನ ಮೂರು ಮಧ್ಯಾಹ್ನಗಳಲ್ಲಿ ಬಸುರಿಯಾಗಿದ್ದ ಸರೋಜಾ ದಿನ ತುಂಬಿ ಹಡೆದಳು, ಬಾಣಂತಿ ಜ್ವರ ಬಂದು ಸತ್ತೇ ಹೋದಳು. ಬೋರವ್ವ ಕೈಯಲ್ಲಿದ್ದ ಮೊರ ಒಗೆದಳು. ಜೋಳ ಅಂಗಳದ ತುಂಬ ಚೆಲ್ಲಿ ಕೋಳಿಗಳಿಗೆ ಹಬ್ಬವಾಯಿತು. "ಅಷ್ಟ ದೂರ ರೈಲಿನ್ಯಾಗ ಹೋಗಿ ಸಾಯಾಕ ಹೋಗಿದ್ದೇನ ನನ್ನವ್ವಾ!" ಎಂದು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅತ್ತು ಮುಗಿಸಿ ಹುಕುಂ ಹೊರಡಿಸಿದಳು: ಇನ್ನು ಈ ಮನೆಯೊಳಗೆ ಪುಸ್ತಕ ಕಾಲಿಡಕೂಡದು.

ಮಧ್ಯಾಹ್ನದ ಆ ಹೊತ್ತೂ ಹೋದರೆ ಸೊಸೆಗೆ ಉಳಿದದ್ದು ಸೆಗಣಿ, ಒಲೆ, ಹಗ್ಗ ಬಿಚ್ಚಿದ ಎಮ್ಮೆ. ಒಂದು ದಿನ ಪುಸ್ತಕ ಮತ್ತೆ ತಿರುವಿ ನೋಡಿದಳು. ಮರುದಿನ ತಡೆಯಲಾಗಲಿಲ್ಲ.

"ಅತ್ತಿ, ನಳಿನಿ ಗಲ್ಲದ ಮ್ಯಾಲ ಮಚ್ಚಿ ಇತ್ತು. ಸರೋಜಾನ ಮಾರಿ ಮ್ಯಾಲ ಒಂದ ಕಲಿನೂ ಇಲ್ಲಂತ ಬರದಾರ್ರಿ."

"ಅದಕ್ಕೇನೀಗ?"

"ಹೆಸರ ಬದಲಾದರ ಮಚ್ಚಿ ಹೋಗತೈತೇನ್ರಿ?" ಹುಡುಗಿ ತೋಳು ಮುಂದೆ ಚಾಚಿ ಮೊಣಕೈಯ ಕೆಳಗಿನ ಕರಿ ಮಚ್ಚೆ ತೋರಿಸಿದಳು. "ನಂದು ಬದಲಿ ಮಾಡಿದ್ರಿ. ಇದು ಹೋಗೇತೇನ್ರಿ?"

ಇಷ್ಟು ಮಾತು ಆ ಹುಡುಗಿ ಎಂದೂ ಆಡಿದ್ದಿಲ್ಲ. ಬೋರವ್ವ ಬೈಯಲು ಬಾಯಿ ತೆರೆದಳು. ಬೈಗುಳದ ಬದಲು ಬೇರೆಯದೇ ಬಂತು.

"ಹಂಗಾರ ಬದುಕಿರಬಹುದೇನ, ಆ ಪರದೇಶಿ ಕೂಸು?"

ಆ ಪ್ರಶ್ನೆ ಹುಟ್ಟಿದ್ದೇ ತಡ, ಬೋರವ್ವನಿಗೆ ಕೂತಲ್ಲಿ ಕೂಡಲಾಗಲಿಲ್ಲ. ಸಿದ್ಧೇಶ್ವರ ಗುಡಿ ಬಿಟ್ಟರೆ ವಿಜಾಪುರದಲ್ಲಿ ಇನ್ನೆಲ್ಲಿಗೂ ಹೋಗದ ಮುದುಕಿ ಮರುದಿನ ಸೊಸೆಯನ್ನು ಕಟ್ಟಿಕೊಂಡು ಬಸ್ಸು ಹತ್ತಿ, ಕೇಳುತ್ತ ಕೇಳುತ್ತ ಸ್ಟೇಷನ್ ರಸ್ತೆ ಮುಟ್ಟಿದಳು.

ಮುರ್ತುಜಾಸಾಬ ಅಂಗಡಿಯ ಬಾಗಿಲಲ್ಲಿ ಕೂತು ಹರಿದ ಪುಸ್ತಕವೊಂದಕ್ಕೆ ಸೂಜಿ ದಾರ ಹಾಕುತ್ತಿದ್ದ. ಬೋರವ್ವ ಪುಸ್ತಕ ಚಾಚಿದಳು.

"ನಮ್ಮ ನಳಿನಿ ಎಲ್ಲಿ ಅದಾಳ್ರಿ, ಸಾಬರ?"

ಮುದುಕ ಗಾಬರಿಬಿದ್ದ. ಸೊಸೆ ಬಿಡಿಸಿ ಹೇಳಿದ ಮೇಲೆ ಹಾಳೆ ತಿರುವಿ ನೋಡಿ ಹಣೆ ಬಡಿದುಕೊಂಡ. "ಯಾ ಅಲ್ಲಾ! ರಂಜಾನ್ ತಿಂಗಳಾಗ ಎರಡು ಪುಸ್ತಕ ಒಮ್ಮೆಲೆ ಬಿಚ್ಚಿದ್ದವು ನೋಡ್ರಿ ಅವ್ವಾರ. ರೋಜಾ ಬಿಡೋ ಹೊತ್ತು, ಹೊಟ್ಯಾಗ ಬೆಂಕಿ. ಹಾಳಿ ಅಂಕಿ ಕೂಡಿದ್ದು ನೋಡಿ ಇದರ ಅರ್ಧ ಅದಕ್ಕ, ಅದರ ಅರ್ಧ ಇದಕ್ಕ ಹೊಲದಬಿಟ್ಟೆ. ಕತಿ ಕೂಡತೈತೋ ಇಲ್ಲೋ ಯಾವ ನೋಡ್ಯಾನ?"

"ನಮ್ಮ ಕೂಸಿನ ಅರ್ಧ ಎಲ್ಲಿ ಐತಿ?"

"ತಿಕೋಟಾದಾಗ. ನಮ್ಮ ಅಣ್ಣನ ಮಗಳು ಮುನೀರಾ ಒಯ್ದಾಳ. ಇದನ್ನ ಬಿಟ್ಟು ಹೋಗ್ರಿ, ಅದು ಬಂದ ಕೂಡಲೆ ಎರಡೂ ಬಿಚ್ಚಿ ಸರಿ ಮಾಡತೀನಿ. ಬರೋ ಹುಣ್ಣಿವಿಗೆ ಬರ್ರಿ."

ಹುಣ್ಣಿಮೆಯತನಕ ಯಾರು ಕಾಯುತ್ತಾರೆ! ಪುಸ್ತಕ ಅಲ್ಲೇ ಬಿಟ್ಟು ಬೋರವ್ವ ಹೊರಗೆ ಬಿದ್ದಳು. "ತಿಕೋಟಾ ಬಸ್ಸು ಎಲ್ಲಿ ನಿಂದರತೈತಿ ಕೇಳು."

"ಎಮ್ಮಿ ಹಿಂಡೋ ಹೊತ್ತಾಗತೈತ್ರಿ, ಅತ್ತಿ."

"ಅಮಸಿದ್ದ ಹಿಂಡಲಿ. ಅವನ ಕೈ ಏನ ಸವದ ಹೋಗಂಗಿಲ್ಲ."

ತಿಕೋಟಾದ ಮನೆಯ ಕಟ್ಟೆಯ ಮೇಲೆ ಮುನೀರಾ ಕೂತಿದ್ದಳು. ಸೊಸೆಯದೇ ವಾರಿಗೆ, ತುಂಬಿದ ಬಸುರಿ. ವಿಷಯ ಕೇಳಿ ಬಿದ್ದು ಬಿದ್ದು ನಕ್ಕಳು. "ನಾ ಸರೋಜಾನ ಕತಿ ಓದಾಕತ್ತಿದ್ದೆ ಅವ್ವಾರ. ನಡುವ ನಳಿನಿ ಅಂತ ಬಂತು. ನಿಮ್ಮವರಾಗ ಹೆಸರ ಬದಲಿ ಮಾಡತಾರಲ್ರಿ, ಹಂಗ ಇರಬೇಕಂತ ಸುಮ್ಮನಾದೆ!"

ಮುನೀರಾ ಒಳಗಿಂದ ಪುಸ್ತಕ ತಂದು ಕೊಟ್ಟಳು. ಸೊಸೆ ಅಲ್ಲೇ ಕೂತು ಓದಿದಳು. ನಳಿನಿ ಇಳಿದ ಸ್ಟೇಷನ್ನಿನಲ್ಲೇ ಅಣ್ಣನಿದ್ದ. ಗಲ್ಲದ ಮಚ್ಚೆ ನೋಡಿ ಗುರುತು ಹಿಡಿದು ತಂಗಿಯನ್ನು ಅಪ್ಪಿಕೊಂಡ. ಬೋರವ್ವ ಗಳಗಳ ಅತ್ತಳು. ಆದರೆ ಈ ಸಲ ಅಳುತ್ತಲೇ ಮುನೀರಾ ಕೊಟ್ಟ ಚುರುಮುರಿಯನ್ನೂ ತಿಂದಳು. ಸೊಸೆ ನೀರು ಕುಡಿಯಲು ಒಳಗೆ ಹೋದಳು.

ಮುನೀರಾ ಹತ್ತಿರ ಸರಿದಳು. "ಹಂಗಾರ ನಮ್ಮ ಸರೋಜಾಗ ಏನಾತ್ರಿ, ಅವ್ವಾರ? ಬಸರಿ ಇದ್ದಳಲ್ಲ, ಹಡದಳೇನ್ರಿ?"

ಚುರುಮುರಿ ಬೋರವ್ವನ ಬಾಯಲ್ಲೇ ಉಳಿಯಿತು. ಮುನೀರಾ ಒಂದು ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ಆಕೆಯ ಮುಖವನ್ನೇ ನೋಡುತ್ತಿದ್ದಳು. ತನಗೆ ಮೂರು ದಿನ ಅನ್ನ ಸೇರದ ಹಾಗೆ ಮಾಡಿದ ಸಾವನ್ನು ಈ ಹುಡುಗಿಗೆ ಹೇಗೆ ಹೇಳಲಿ ಎಂದು ಬೋರವ್ವ ತಳಮಳಿಸಿದಳು.

"ಹಡದಾಳವ್ವ. ಹೆಣ್ಣ ಕೂಸು. ತಾಯಿ ಕೂಸು ಇಬ್ರೂ ಆರಾಮ ಅದಾರ."

"ಖರೇನ್ರಿ?"

"ಖರೆ ಅಂದರ ಖರೆ. ನೀ ಗಡಿಬಿಡಿ ಮಾಡಬ್ಯಾಡ. ಕಾಕಾ ಪುಸ್ತಕ ಹೊಲಿಯೋದು ನಿಧಾನ ಆಗಲಿ, ಹಡದ ಮ್ಯಾಲ ಓದೀಯಂತ."

ಮುನೀರಾಳ ಮುಖ ಅರಳಿತು. "ಕೂಸಿಗೆ ಏನ ಹೆಸರ ಇಟ್ಟಾರ್ರಿ?"

ಇದನ್ನು ಮಾತ್ರ ಬೋರವ್ವ ಎಣಿಸಿರಲಿಲ್ಲ. ಸುಳ್ಳಿಗೆ ಕೈಯುಂಟು ಕಾಲುಂಟು, ಹೆಸರೆಲ್ಲಿಂದ ತರಬೇಕು? ತಡವರಿಸಿದಳು. ನಾಲಿಗೆಯ ತುದಿಗೆ ಒಂದೇ ಹೆಸರು ಬಂತು. ಜೋರಾಗಿಯೇ ಬಂತು.

"ತಾಯವ್ವ!"

"ಬಂದೆ ಬೇ" ಎಂದು ಒಳಗಿನಿಂದ ಓಗೊಟ್ಟು, ಸೊಸೆ ನೀರಿನ ತಂಬಿಗೆ ಹಿಡಿದುಕೊಂಡೇ ಹೊರಗೆ ಓಡಿಬಂದಳು.

ಮೊದಮೊದಲು ಸುಮಿತ್ರಾ ಎಂದು ಎರಡು ಸಲ ಕೂಗಿದರೂ ತಿರುಗಿ ನೋಡದಿದ್ದ ಹುಡುಗಿ ಅದು. ಬಾಗಿಲಲ್ಲಿ ನಿಂತು, ಕರೆದವರು ಯಾರೆಂದು ತಿಳಿಯದೆ ಅತ್ತೆಯತ್ತ ನೋಡಿದಳು. ಬೋರವ್ವ ನಾಲಿಗೆ ಕಚ್ಚಿಕೊಂಡಳು, ಮೇಲೆ ನೋಡಿ ಸತ್ತ ಅತ್ತೆಗೆ ಕೈ ಮುಗಿದಳು. ಮೇಲಿನಿಂದ ಗುಡುಗೇನೂ ಬರಲಿಲ್ಲ.

"ಏನ್ರಿ ಅತ್ತಿ, ಕರದ್ರಿ?" ಎಂದಳು ಸೊಸೆ, ಮೆಲ್ಲಗೆ.

"ಹೂಂ" ಎಂದು ಬೋರವ್ವ ಎದ್ದು ಸೆರಗು ಝಾಡಿಸಿದಳು. "ಬಸ್ಸು ತಪ್ಪತೈತಿ, ನಡಿ ತಾಯವ್ವ. ಅಮಸಿದ್ದಗ ಹೇಳಿ ನಾಳಿಗೆ ಬ್ಯಾರೆ ಪುಸ್ತಕ ತರಸೋಣು."